ಫರ್ಸ್ಟ್‌ನೆಸ್: ಜೋಡಿಯಲ್ಲಿ ಯಾರು ಮುಂದೆ?

ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ ಲಿಂಗ ತಾರತಮ್ಯ ಹುಡುಕುವವರು ಬಳಸುವ ಮಾತು ‘ಫರ್ಸ್ಟ್‌ನೆಸ್’. ಕನ್ನಡದಲ್ಲಿ ‘ಮೊದಲ ಸರದಿ’ ಅನ್ನಬಹುದೇನೋ. ಗಂಡು, ಹೆಣ್ಣು ಜೊತೆಯಾಗಿ ಬರುವ ಕಡೆ ಯಾರ ಹೆಸರು ಮುಂದಿರುತ್ತದೆ ಅನ್ನುವ ಲೆಕ್ಕ ಇದು: ‘ಹಿ ಆರ್ ಶಿ’, ‘ಬಾಯ್ಸ್ ಅಂಡ್ ಗರ್ಲ್ಸ್’, ‘ಮಿಸ್ಟರ್ ಅಂಡ್ ಮಿಸೆಸ್’. 1984ರಲ್ಲಿ ಸಂಶೋಧಕಿ ಕ್ಯಾರೆನ್ ಪೊರೆಕಾ ಇಂತಹ 15 ಪುಸ್ತಕಗಳನ್ನು ಜಾಲಾಡಿದಾಗ ಹೆಣ್ಣಿನ ಗೈರುಹಾಜರಿ, ಕಸುಬು, ವಿಶೇಷಣಗಳ ಜೊತೆಗೆ ಇದನ್ನೂ ಎಣಿಸಿದ್ದರು.

ಇಷ್ಟಕ್ಕೂ ಲೆಕ್ಕ ಇಡ್ತಾರಾ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರುಂಟು. ಆದರೆ 1553ರಷ್ಟು ಹಿಂದೆಯೇ ಇಂಗ್ಲೆಂಡಿನ ಥಾಮಸ್ ವಿಲ್ಸನ್ ತನ್ನ ವಾಕ್ಚಾತುರ್ಯದ ಪುಸ್ತಕದಲ್ಲಿ ಯೋಗ್ಯರು ಮುಂದೆ ಬರಬೇಕು, ಆದ್ದರಿಂದ ಗಂಡು ಹೆಣ್ಣಿಗಿಂತ ಮುಂದೆ ಎಂದು ಬರೆದಿಟ್ಟಿದ್ದ. ಸಂಸ್ಕೃತ ವ್ಯಾಕರಣದಲ್ಲೂ ದ್ವಂದ್ವ ಸಮಾಸಕ್ಕೆ ‘ಪೂಜ್ಯರು ಮೊದಲು’ ಅನ್ನುವ ವಾರ್ತಿಕ, ಅಂದರೆ ಸೂತ್ರಕ್ಕೆ ಸೇರಿಸಿದ ಪೂರಕ ನಿಯಮ, ಇದೆ. ತಮಾಷೆಯೆಂದರೆ ಅಲ್ಲಿ ಸಿಗುವುದು ಮಾತಾಪಿತೃ! ಸೀತಾರಾಮ, ಪಾರ್ವತೀಪರಮೇಶ್ವರ ಇದ್ದೇ ಇದ್ದಾರೆ. ಹಾಗಂತ ‘ನಮ್ಮಲ್ಲಿ ಹೆಣ್ಣೇ ಮುಂದು’ ಎಂದು ಬೀಗುವವರು ಮನೆಯೊಡತಿಯ ಹೆಸರು ಮುಂದಿರುವ ರೇಷನ್ ಕಾರ್ಡ್ ಒಂದನ್ನೇ ತೋರಿಸದೆ ಜಮೀನಿನ ಪಹಣಿಯನ್ನೂ ತಂದು ತೋರಿಸಲಿ.

ಒಂದು ಜೋಡಿಯಿಂದ ಏನೂ ಸಾಬೀತಾಗದು. ‘ಲೇಡೀಸ್ ಅಂಡ್ ಜೆಂಟಲ್‌ಮೆನ್’, ‘ಬ್ರೈಡ್ ಅಂಡ್ ಗ್ರೂಮ್’ ಇಂಗ್ಲಿಷಿನಲ್ಲೂ ಇವೆ. ಪುಟದ ಮೇಲೆ ಪುಟ ಒಂದೇ ಸರದಿ ಬಂದಾಗ ಅದು ಮಕ್ಕಳ ಬಾಯಿಗೆ ಕೂರುತ್ತದೆ. ವ್ಯಾಕರಣ ತಿದ್ದುವ ಗಡಿಬಿಡಿಯಲ್ಲಿ ನಮಗದು ಕಾಣುವುದೂ ಇಲ್ಲ.

ನನಗೆ ಕಂಡದ್ದು ಸಂಭಾಷಣೆಯಲ್ಲಿ. ಮಂಡ್ಯದ ನಮ್ಮ ಎಂಟನೇ ಕ್ಲಾಸಿಗೆ ಬಸ್ ಸ್ಟ್ಯಾಂಡಿನ ಮಾತುಕತೆಯೊಂದನ್ನು ಬೋರ್ಡಿನ ಮೇಲೆ ಬರೆದಿದ್ದೆ. ಪುಸ್ತಕದ್ದಲ್ಲ, ನನ್ನದೇ. ‘ಎ’ ರವಿ, ‘ಬಿ’ ರಾಣಿ. ಮೈಸೂರಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ, ಟಿಕೆಟ್ ಎಷ್ಟು, ಎಲ್ಲ ವಿಚಾರಿಸಿ ಹೇಳುವವನು ರವಿ. ರಾಣಿಗೆ ಮೂರು ಸಲ ‘ಯೆಸ್’, ಕೊನೆಗೊಂದು ‘ಥ್ಯಾಂಕ್ ಯೂ’.

“ಮಿಸ್, ದಿನಾ ನಾವೇ ಬಿ ಆಗ್ಬೇಕಾ?” ಅಂದಳು ಎರಡನೇ ಬೆಂಚಿನವಳು.

“ಹಾಗಾದ್ರೆ ನೀನೇ ಎ ಆಗಮ್ಮಿ” ಅಂದೆ. ಅವಳು ಎದ್ದು ನಿಂತು ಒಂದೇ ಉಸಿರಿಗೆ ಬಸ್ಸು, ಟೈಮು, ಟಿಕೆಟ್ಟು ಎಲ್ಲ ಹೇಳಿ ಮುಗಿಸಿದಳು. ಪಕ್ಕದಲ್ಲಿ ನಿಂತಿದ್ದ ಹುಡುಗ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದ:

“ನಂದು ಇಷ್ಟೇನಾ ಮಿಸ್?”