ಒಂದೇ ಹೊಳ್ಳೆ ಕಟ್ಟಿದರೆ ನೆಗಡಿಯೆಂದು ಬಿಡಬೇಡಿ

ಶಿರಸಿ, ಕುಮಟಾ ಕಡೆಯ ಮಳೆಗಾಲದಲ್ಲಿ ಮೂಗು ಕಟ್ಟದವರೇ ಅಪರೂಪ. ಹಾಗಾಗಿಯೇ ಮೂಗಿನ ಕ್ಯಾನ್ಸರ್ ತಿಂಗಳುಗಟ್ಟಲೆ 'ಸೈನಸ್' ಎಂಬ ಹೆಸರಿನಲ್ಲಿ ಅಡಗಿರುತ್ತದೆ. ನೆಗಡಿ, ಅಲರ್ಜಿಗಳು ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಕಾಡುತ್ತವೆ. ಒಂದೇ ಹೊಳ್ಳೆ ಕಟ್ಟಿಕೊಂಡು, ಅದರಿಂದಲೇ ಆಗಾಗ ರಕ್ತ ಬೆರೆತ ಸಿಂಬಳ ಬರುತ್ತಿದ್ದು, ಎರಡು-ಮೂರು ವಾರ ಔಷಧ ಮಾಡಿದರೂ ಇಳಿಯದಿದ್ದರೆ ಎಂಡೋಸ್ಕೋಪ್ ಹಾಕಿ ಒಳಗೆ ನೋಡಲೇಬೇಕು.

ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೆನ್ನೆಯ ಮೂಳೆಯೊಳಗಿನ ಮ್ಯಾಕ್ಸಿಲರಿ ಸೈನಸ್‌ನಲ್ಲಿ ಮತ್ತು ಮೂಗಿನ ಒಳಭಾಗದಲ್ಲಿ. ಸೈನಸ್ ಪೊಳ್ಳಾಗಿರುವುದರಿಂದ ಗಡ್ಡೆ ಸಾಕಷ್ಟು ಬೆಳೆಯುವವರೆಗೂ ನೋವಿರುವುದಿಲ್ಲ. ಅದು ಕೆಳಗೆ ಒತ್ತಿದಾಗ ಮೇಲಿನ ದವಡೆಯ ಗಟ್ಟಿ ಹಲ್ಲು ಅಲ್ಲಾಡತೊಡಗುತ್ತದೆ. ರೋಗಿ ಹಲ್ಲು ಕೀಳಿಸಿಕೊಳ್ಳುತ್ತಾರೆ, ಆದರೆ ಆ ಗಾಯ ಮಾಯುವುದೇ ಇಲ್ಲ. ಗಡ್ಡೆ ಮೇಲಕ್ಕೆ ಒತ್ತಿದರೆ ಕಣ್ಣಲ್ಲಿ ನೀರು ಸುರಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಕ್ಷೌರ ಮಾಡಿಕೊಳ್ಳುವಾಗ ಒಂದು ಕಡೆಯ ಕೆನ್ನೆ ಜೋಮು ಹಿಡಿದಂತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಸ್ಕ್ಯಾನ್‌ಗೆ ತಡಮಾಡುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಸಾಮಿಲ್ಲಿನ ಕೆಲಸಗಾರರು, ಬಡಗಿಗಳು, ಕೆತ್ತನೆಯ ಗುಡಿಗಾರರು ಬಹಳ ಮಂದಿ ಇದ್ದಾರೆ. ಮರದ ಧೂಳು, ವಿಶೇಷವಾಗಿ ಗಟ್ಟಿಮರದ ನುಣುಪು ಧೂಳು, ಮೂಗಿನ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್‌ಗೆ ಕಾರಣವಾಗುತ್ತದೆಂಬುದು ದೃಢಪಟ್ಟಿದೆ. ಅದು ತಲೆದೋರುವುದು ದಶಕಗಳ ನಂತರ. ಆದ್ದರಿಂದ ಕೆಲಸ ಬಿಟ್ಟು ಎಷ್ಟೋ ವರ್ಷವಾದವರೂ ವೈದ್ಯರಿಗೆ ತಮ್ಮ ಹಳೆಯ ಉದ್ಯೋಗವನ್ನು ಹೇಳಬೇಕು. ಈಗಲೂ ದುಡಿಯುತ್ತಿರುವವರು ಮೂಗಿಗೆ ಪಂಜೆ ಸುತ್ತಿಕೊಂಡರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು.

ಮೂಗಿನ ಕ್ಯಾನ್ಸರ್‌ನ ಬಗೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಅಡಿನಾಯ್ಡ್ ಸಿಸ್ಟಿಕ್ ಬಗೆ ನಿಧಾನವಾಗಿ ಬೆಳೆದರೂ ನರಗಳ ಗುಂಟ ಹರಡುತ್ತದೆ, ವರ್ಷಗಳ ಮೇಲೆ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ವಾಸನೆಯ ನರದಿಂದ ಹುಟ್ಟುವ ಗಡ್ಡೆ, ಬಣ್ಣದ ಕೋಶಗಳಿಂದ ಹುಟ್ಟುವ ಮೂಗಿನೊಳಗಿನ ಮೆಲನೋಮಾ ಅಪರೂಪ. ದುಗ್ಧರಸ ಕೋಶಗಳ ಕ್ಯಾನ್ಸರ್ ಆದ ಲಿಂಫೋಮಾ ಇವೆಲ್ಲಕ್ಕಿಂತ ಬೇರೆ: ಅದಕ್ಕೆ ಕಿಮೋಥೆರಪಿ ಮತ್ತು ವಿಕಿರಣವೇ ಮುಖ್ಯ, ದೊಡ್ಡ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ಹಿಂಜರಿಯುವವರಿಗೆ ನಾನು ಹೇಳುವುದು ಇದನ್ನೇ: ಬಗೆ ತಿಳಿಯದೆ ಚಿಕಿತ್ಸೆಯೇ ಇಲ್ಲ.

ಉಳಿದ ಹೆಚ್ಚಿನ ಬಗೆಗಳಲ್ಲಿ, ತೆಗೆಯಲು ಸಾಧ್ಯವಿದ್ದರೆ ಗಡ್ಡೆಯನ್ನು ಪೂರ್ತಿ ತೆಗೆದು, ನಂತರ ಸುಮಾರು ಆರು ವಾರ ವಿಕಿರಣ ಕೊಡುವುದು ರೂಢಿ. ಸಿ.ಟಿ. ಮೂಳೆಯ ಸವೆತವನ್ನು ತೋರಿಸಿದರೆ, ಎಂ.ಆರ್.ಐ. ಕಣ್ಣು, ಮಿದುಳಿನ ಕಡೆಗೆ ಹಬ್ಬಿರುವುದನ್ನು ತೋರಿಸುತ್ತದೆ. ಆಯ್ದ ಗಡ್ಡೆಗಳನ್ನು ಈಗ ಮುಖ ಕೊಯ್ಯದೆ ಮೂಗಿನ ಮೂಲಕವೇ ತೆಗೆಯುತ್ತಾರೆ. ಬಾಯಿಯ ಮೇಲ್ಭಾಗದ ಅಂಗುಳು ತೆಗೆಯಬೇಕಾಗಿ ಬಂದರೂ, ಅಲ್ಲಿ ಉಳಿಯುವ ತೂತು ಮುಚ್ಚುವ ಅಬ್ಚುರೇಟರ್ ಎಂಬ ವಿಶೇಷ ಹಲ್ಲುಸೆಟ್ಟಿನಿಂದ ಉಣ್ಣಲು, ಮಾತಾಡಲು ಆಗುತ್ತದೆ.

ಚಿಕಿತ್ಸೆಗೆಂದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವಾಗ ವರದಿಯ ಕಾಗದವೊಂದೇ ಸಾಲದು, ಸ್ಕ್ಯಾನಿನ ಸಿ.ಡಿ.ಯನ್ನೂ, ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಆ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದು ಜೊತೆಗೆ ಒಯ್ಯಿರಿ.