ಕಣ್ಣು ಓಡುವ ಕರೆ

ಓದುವಾಗ ಕಣ್ಣು ಸಾಲಿನುದ್ದಕ್ಕೂ ನುಣ್ಣಗೆ ಜಾರುತ್ತ ಹೋಗುತ್ತದೆ ಎಂದು ನಂಬಿದವರು, ಎದುರಿಗೆ ಕೂತು ಪೇಪರ್ ಓದುವವರ ಕಣ್ಣುಗಳನ್ನು ಒಂದು ನಿಮಿಷ ಸುಮ್ಮನೆ ಗಮನಿಸಬೇಕು. ಗದ್ದೆಯ ಹುಣಿಯ (ಬದುವಿನ) ಮೇಲಿನ ಕಪ್ಪೆಯ ಹಾಗೆ ಅವು ಕುಪ್ಪಳಿಸುತ್ತಿರುತ್ತವೆ: ಒಂದು ಜಿಗಿತ, ಕಾಲು ಸೆಕೆಂಡಿನಷ್ಟು ನಿಲುಗಡೆ, ಮತ್ತೊಂದು ಜಿಗಿತ. ಪ್ಯಾರಿಸ್ಸಿನ ನೇತ್ರತಜ್ಞ ಎಮಿಲ್ ಜಾವಲ್ ಮತ್ತು ಸಂಗಡಿಗರು 1870ರ ದಶಕದ ಕೊನೆಗೇ ಇದನ್ನು ಕಂಡಿದ್ದರು. ಜಿಗಿಯುವಷ್ಟು ಹೊತ್ತು ಮೆದುಳು ನೋಟವನ್ನು ಅದುಮಿ ಹಿಡಿಯುತ್ತದೆ. ಓದು ನಡೆಯುವುದೆಲ್ಲ ನಿಂತ ಹೊತ್ತಿನಲ್ಲಿ. ನಿಂತಾಗಲೂ ನಿಚ್ಚಳವಾಗಿ ಕಾಣುವ ಜಾಗ ಸುಮಾರು ಎರಡು ಡಿಗ್ರಿ ಮಾತ್ರ. ಪತ್ರಿಕೆಯನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದು 14 ಮಿಲಿಮೀಟರ್ ಅಗಲದ ಕಿಂಡಿ. ಕನ್ನಡದ ನಾಲ್ಕೈದು ಅಕ್ಷರ ಹಿಡಿಸುವಷ್ಟು. ಅದರಾಚೆ ಹೋದಂತೆಲ್ಲ ಮಸುಕು.

ಕನಕನ ಕಿಂಡಿಯ ಊರಿನವರಿಗೆ ಇದು ಕಷ್ಟದ ಮಾತಲ್ಲ. ಕಿಂಡಿ ಚಿಕ್ಕದು, ನೋಡಬೇಕಾದದ್ದು ದೊಡ್ಡದು. ಪತ್ರಿಕೆಯ ಕಾಲಂ, ಹೆಡ್ಡಿಂಗು, ಕಾಲಂಗಳ ನಡುವಿನ ಖಾಲಿ ಜಾಗ, ಇವೆಲ್ಲ ಕಿಂಡಿಯನ್ನು ದಾರಿ ತಪ್ಪದಂತೆ ನಡೆಸುವ ಏರ್ಪಾಡುಗಳು. ಯುವಕ ಮಂಡಲದ ಮಾಸಿಕವೋ, ತಾಲೂಕಿನ ವಾರಪತ್ರಿಕೆಯೋ ಹೊರಡಿಸಲು ಹೊರಟವರು ಇವನ್ನು ಅಲಂಕಾರವೆಂದುಕೊಳ್ಳುತ್ತಾರೆ. ಇಂಟರ್ನೆಟ್ಟಿನಿಂದ ಇಂಗ್ಲಿಷ್ ಪತ್ರಿಕೆಯ ಟೆಂಪ್ಲೇಟ್ ಇಳಿಸಿಕೊಂಡು ಅದರೊಳಗೆ ಕನ್ನಡ ಸುರಿಯುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿ, ಏಕೆಂದರೆ ಆ ಅಳತೆಗಳನ್ನು ಕಡೆದದ್ದು ಬೇರೆ ಲಿಪಿಗೆ.

ಅಳತೆಯಿಂದಲೇ ಹೊರಡೋಣ. ಊರ ಪತ್ರಿಕೆಗೆ ಎ3 ಗಾತ್ರದ ಪುಟ ಹೇಳಿ ಮಾಡಿಸಿದ್ದು: 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಎಡಬಲ 12 ಮಿ.ಮೀ. ಅಂಚು ಬಿಟ್ಟರೆ 273 ಉಳಿಯಿತು. ಐದು ಕಾಲಂ, ನಡುವೆ 4 ಮಿ.ಮೀ.ನ ನಾಲ್ಕು ಗಟರ್ (ಖಾಲಿ ಪಟ್ಟಿ) ಎಂದುಕೊಂಡರೆ ಒಂದು ಕಾಲಂಗೆ 51.4 ಮಿ.ಮೀ. ಸುದ್ದಿಯ ಅಕ್ಷರ ಹತ್ತೂವರೆ ಪಾಯಿಂಟ್ ಇದ್ದರೆ ಒಂದು ಸಾಲಿಗೆ ಹದಿನಾರರಿಂದ ಹದಿನೆಂಟು ಅಕ್ಷರ, ಮೂರ್ನಾಲ್ಕು ಪದ. ಕಣ್ಣು ಮೂರ್ನಾಲ್ಕು ಕಡೆ ನಿಂತು ಸಾಲು ಮುಗಿಸುತ್ತದೆ.

ಪೂರ್ತಿ ಅಗಲಕ್ಕೆ ಒಂದೇ ಸಾಲು ಹೊಡೆದರೆ ಏನಾಗುತ್ತದೆ? ಕಂಬಳದ ಕರೆಯಲ್ಲಿ (ಓಟದ ಗದ್ದೆಯಲ್ಲಿ) ಕೋಣಗಳಿಗೆ ಓಟ ಹೊರಡುವ ಗಂತಿನಿಂದ ಅದು ಮುಗಿಯುವ ಮಂಜೊಟ್ಟಿಗೆ ಓಡಿದರೆ ಕೆಲಸ ಮುಗಿಯಿತು. ಕಣ್ಣಿಗೆ ಹಾಗಲ್ಲ, ಪ್ರತಿ ಸಾಲಿನ ಮಂಜೊಟ್ಟಿ ಮುಟ್ಟಿದ ಮೇಲೆ ಮತ್ತೆ ಎಡಕ್ಕೆ ಹಾರಿ, ಮುಂದಿನ ಸಾಲಿನ ಗಂತಿಗೇ ಸರಿಯಾಗಿ ಬೀಳಬೇಕು, ಅದೂ ಮಸುಕಿನಲ್ಲೇ ಗುರಿಯಿಟ್ಟು. ಸಾಲಿನ ಅಂತರ 14 ಪಾಯಿಂಟ್, ಅಂದರೆ 4.94 ಮಿ.ಮೀ. ಇರುವಾಗ 51 ಮಿ.ಮೀ. ಕಾಲಂನಲ್ಲಿ ಈ ಹಿಂದಿರುಗುವ ಹಾರಿಕೆಯ ಇಳಿಜಾರು ಐದೂವರೆ ಡಿಗ್ರಿ. ಅದೇ 170 ಮಿ.ಮೀ. ಉದ್ದದ ಸಾಲಿನಲ್ಲಿ ಒಂದೂ ಮುಕ್ಕಾಲು ಡಿಗ್ರಿಗಿಂತ ಕಡಿಮೆ. ಮಳೆಗಾಲದಲ್ಲಿ ಅಳಿವೆ ಬಾಗಿಲು ದಾಟಿ ಒಳಬರುವ ದೋಣಿಯ ಹಾಗೆ: ದೂರದಿಂದ ಬರುವಾಗ ಚುಕ್ಕಾಣಿಯ ಕೂದಲೆಳೆಯ ತಪ್ಪೂ ದಡದ ಹತ್ತಿರ ಹತ್ತು ಮಾರು ಆಗಿರುತ್ತದೆ. ಓದುಗ ಓದಿದ ಸಾಲನ್ನೇ ಮತ್ತೆ ಓದುತ್ತಾನೆ, ಇಲ್ಲವೇ ಒಂದು ಸಾಲು ಬಿಟ್ಟು ಓದುತ್ತಾನೆ. ಎರಡು ಸಲ ಹೀಗಾದರೆ ಪೇಪರ್ ಮಡಚಿ ಬದಿಗಿಡುತ್ತಾನೆ. ‘ಬರಹ ಚೆನ್ನಾಗಿಲ್ಲ’ ಎನ್ನುತ್ತಾನೆಯೇ ಹೊರತು ಸಾಲು ಉದ್ದವಾಯಿತು ಎನ್ನುವುದಿಲ್ಲ.

ಈಗ ಒತ್ತಕ್ಷರದ ವಿಷಯ, ಕನ್ನಡದ ಪುಟವಿನ್ಯಾಸದ ಅರ್ಧ ತಾಪತ್ರಯ ಇದೇ. ಕರಾವಳಿಯ ಪತ್ರಿಕೆಯಲ್ಲಿ ‘ಬ್ರಹ್ಮಕಲಶೋತ್ಸವ’ ಇಲ್ಲದ ಸಂಚಿಕೆ ಅಪರೂಪ. ಏಳಕ್ಷರದ ಈ ಪದದಲ್ಲಿ ಮೂರು ಒತ್ತು ಕೆಳಗೆ ಜೋತಾಡುತ್ತವೆ, ‘ಶೋ’ದ ಕೊಂಬು ಮೇಲೆ ಏಳುತ್ತದೆ. ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಬಂದರೆ, ಅದರ ಗುಡಿಸು ಮೇಲಿನ ಒತ್ತಿಗೆ ಡಿಕ್ಕಿ ಹೊಡೆಯುತ್ತದೆ. ಬಸ್ಸಿನಲ್ಲಿ ನಿಂತವರ ಕೊಡೆ ಕೂತವರ ತಲೆಗೆ ತಗುಲಿದ ಹಾಗೆ. ಇಂಗ್ಲಿಷಿಗೆ ಅಕ್ಷರದ ಗಾತ್ರದ ಶೇ. 120ರಷ್ಟು ಸಾಲಿನ ಅಂತರ ಧಾರಾಳ. ಪುಟ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ತಾನಾಗಿ ಬರುವುದೂ ಸಾಮಾನ್ಯವಾಗಿ ಅದೇ. ಕನ್ನಡಕ್ಕೆ ಶೇ. 130ರಿಂದ 140 ಬೇಕು. ಹತ್ತೂವರೆಗೆ ಹದಿನಾಲ್ಕು. ‘ಇನ್ನೂ ನಾಲ್ಕು ಸಾಲು ಹಿಡಿಸಬಹುದಿತ್ತು’ ಎಂಬ ದುರಾಸೆಗೆ ಬಿದ್ದು ಹನ್ನೆರಡೂವರೆಗೆ ಇಳಿಸಿದರೆ ಸಾಲುಗಳ ನಡುವಿನ ಬಿಳಿ ಪಟ್ಟಿಯೇ ಮಾಯ. ಆ ಪಟ್ಟಿಯೇ ಕಣ್ಣಿಗೆ ಗದ್ದೆಯ ಹುಣಿ. ಹುಣಿ ಕಡಿದರೆ ನೀರು ಎತ್ತ ಹರಿಯಬೇಕೆಂದು ಯಾರಿಗೆ ಗೊತ್ತು?

ಮೇಲೆ ಕೆಳಗೆ ಹದಿನೈದರಂತೆ ಅಂಚು ಬಿಟ್ಟು ಉಳಿದ 390 ಮಿ.ಮೀ. ಎತ್ತರಕ್ಕೆ ಈ ಲೆಕ್ಕದಲ್ಲಿ 78 ಸಾಲು. ಚಿತ್ರ, ಪ್ಯಾನೆಲ್, ಹೆಡ್ಡಿಂಗಿನ ಜಾಗ ಎಲ್ಲವನ್ನೂ ಸಾಲುಗಳ ಲೆಕ್ಕದಲ್ಲೇ ಕೊಡಬೇಕು: ಚಿತ್ರಕ್ಕೆ 18 ಸಾಲು, ಶೀರ್ಷಿಕೆಗೆ 4 ಸಾಲು. ಆಗ ಪಕ್ಕಪಕ್ಕದ ಕಾಲಂಗಳ ಸಾಲುಗಳು ಒಂದೇ ಮಟ್ಟದಲ್ಲಿ ನಿಲ್ಲುತ್ತವೆ.

ಅಡ್ಡಕ್ಕೂ ಕನ್ನಡ ಬೇರೆಯೇ. ‘ಮಾತನಾಡಬೇಕಾಗಿರುವುದರಿಂದ’ ಒಂದೇ ಪದ, ಹನ್ನೆರಡು ಅಕ್ಷರ, ಸಾಲಿನ ಮುಕ್ಕಾಲು ಪಾಲು ಅದೇ. ಎಡಬಲ ಎರಡೂ ಅಂಚು ಸಮವಾಗಿರಬೇಕೆಂದು ಕಂಪ್ಯೂಟರಿಗೆ ಹೇಳಿದರೆ, ಅದು ಸಾಲಿನಲ್ಲಿರುವ ಎರಡು ಪದಗಳ ನಡುವೆ ಹಳ್ಳ ತೋಡುತ್ತದೆ. 1923ರಲ್ಲಿ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ ಸರಳ ಚುಕ್ಕೆಗಳಿಂದ ತೋರಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಹತ್ತಿರ ಇರುವುದನ್ನು ಮನಸ್ಸು ಒಂದೇ ಗುಂಪೆಂದು ಎಣಿಸುತ್ತದೆ. ಪದಗಳ ನಡುವಿನ ಅಂತರ ಸಾಲುಗಳ ನಡುವಿನದಕ್ಕಿಂತ ಹೆಚ್ಚಾದರೆ ಪದ ತನ್ನ ಸಾಲಿನ ನೆಂಟಸ್ತಿಕೆ ಬಿಟ್ಟು ಕೆಳಗಿನ ಸಾಲಿನ ಪದದ ಜತೆ ಸೇರಿಕೊಳ್ಳುತ್ತದೆ. ಆ ಅಂತರ ಗಟರ್‌ನ 4 ಮಿ.ಮೀ.ಗೆ ಸಮನಾದರೆ ಕಣ್ಣು ಪಕ್ಕದ ಕಾಲಂಗೇ ನುಗ್ಗುತ್ತದೆ. ಇದಕ್ಕೆ ಮೂರು ಮದ್ದು: ಆರು ಕಾಲಂ ಮಾಡುವ ಚಪಲ ಬಿಡುವುದು (ಆಗ ಕಾಲಂ 42 ಮಿ.ಮೀ.ಗೆ ಇಳಿಯುತ್ತದೆ), ಪದ ಒಡೆಯಲು ಒಪ್ಪುವುದು, ಅದೂ ಆಗದಿದ್ದರೆ ಬಲ ಅಂಚನ್ನು ಸಮ ಮಾಡದೆ ಬಿಡುವುದು. ಪದ ಒಡೆಯುವಾಗ ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಕತ್ತರಿ ಬೀಳಬಾರದು. ‘ಬಂಟ್ವಾಳ’ವನ್ನು ‘ಬಂಟ್-ವಾಳ’ ಮಾಡಿದ ಪತ್ರಿಕೆಯನ್ನು ಬಂಟ್ವಾಳದಲ್ಲಿ ಮಾರುವುದು ಕಷ್ಟ.

ಮಂಗಳೂರಿನವರು ಪತ್ರಿಕೆಯ ಮಾತೆತ್ತಿದರೆ 1843ಕ್ಕೆ ಹೋಗದೆ ಇರಲಾಗದು. ಆ ವರ್ಷ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇಲ್ಲಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಅದು ಮೊಳೆ ಜೋಡಿಸಿ ಅಚ್ಚು ಹಾಕಿದ್ದಲ್ಲ, ಕಲ್ಲಚ್ಚು. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಎಣ್ಣೆ ಮಸಿಯ ರೋಲರ್ ಉರುಳಿಸಿದರೆ ಬರೆದಲ್ಲಿ ಮಾತ್ರ ಮಸಿ ಅಂಟುತ್ತದೆ, ಒದ್ದೆ ಜಾಗ ಅದನ್ನು ದೂರ ತಳ್ಳುತ್ತದೆ. ಸಾರಿಗೆ ಹಾಕಿದ ಒಗ್ಗರಣೆಯ ಎಣ್ಣೆ ನೀರಿಗೆ ಬೆರೆಯದೆ ತೇಲುವ ಅದೇ ಗುಣ. 18ನೇ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದದ್ದು. ಇಂದಿನ ಆಫ್‌ಸೆಟ್ ಯಂತ್ರದ ಅಲ್ಯೂಮಿನಿಯಂ ಪ್ಲೇಟ್ ಮಾಡುವುದೂ ಇದನ್ನೇ. ನಡುವೆ ಹಲವು ದಶಕ ಸೀಸದ ಮೊಳೆಗಳು ಆಳಿದವು, ಕಡೆಗೆ ನಾವು ಮರಳಿದ್ದು ಎಣ್ಣೆ ನೀರಿನ ಜಗಳಕ್ಕೇ.

ಈ ಜಗಳದಲ್ಲಿ ಕರಾವಳಿಯ ಮಳೆಯೂ ಕೈಹಾಕುತ್ತದೆ. ಕಾಗದದ ನಾರು ತೇವ ಹೀರಿದಾಗ ಅಡ್ಡಕ್ಕೆ ಉಬ್ಬುವಷ್ಟು ಉದ್ದಕ್ಕೆ ಉಬ್ಬುವುದಿಲ್ಲ. ಸಣ್ಣ ಪ್ರೆಸ್ಸಿನ ಒಂದೇ ಬಣ್ಣದ ಯಂತ್ರದಲ್ಲಿ ಬಣ್ಣದ ಪುಟ ನಾಲ್ಕು ಸಲ ಹಾಯಬೇಕು: ನೀಲಿ, ಕೆಂಪು, ಹಳದಿ, ಕಪ್ಪು. ಆಟಿ ತಿಂಗಳಲ್ಲಿ ರೀಮು ಬಿಚ್ಚಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹಾಳೆಯ ಅಂಚು ಅಲೆ‌ಅಲೆಯಾಗಿರುತ್ತದೆ. 594 ಮಿ.ಮೀ. ಹಾಳೆ ಶೇ. 0.1ರಷ್ಟು ಹಿಗ್ಗಿದರೂ ಕೊನೆಯ ಬಣ್ಣ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಆಚೆ ಬೀಳುತ್ತದೆ. ಹತ್ತೂವರೆ ಪಾಯಿಂಟಿನ ಅಕ್ಷರದ ಗೆರೆ ಅದಕ್ಕಿಂತ ತೆಳು. ಹಾಗಾಗಿ ಸುದ್ದಿಯ ಅಕ್ಷರ ಎಂದಿಗೂ ಬರೇ ಕಪ್ಪು ಮಸಿಯಲ್ಲೇ ಇರಬೇಕು, ನಾಲ್ಕು ಬಣ್ಣ ಬೆರೆತ ಕಪ್ಪಿನಲ್ಲಲ್ಲ. ಕಪ್ಪು ಪಟ್ಟಿಯೊಳಗೆ ಬಿಳಿ ಅಕ್ಷರ ಕೊಡುವ ಹುಚ್ಚಿದ್ದರೆ ಹದಿನಾರು ಪಾಯಿಂಟಿಗಿಂತ ಸಣ್ಣದು ಬೇಡ. ನ್ಯೂಸ್‌ಪ್ರಿಂಟಿನಲ್ಲಿ ಮಸಿ ಹರಡಿ ‘ಷ್ಟ’, ‘ಕ್ಷ’ಗಳ ಹೊಟ್ಟೆ ತುಂಬಿಬಿಡುತ್ತದೆ. ಇನ್ನು ರೀಮಿನ ಪೊಟ್ಟಣವನ್ನು ಬಿಚ್ಚದೆ ಹಿಂದಿನ ದಿನವೇ ಯಂತ್ರದ ಕೋಣೆಯಲ್ಲಿಡುವುದು, ಬೇಕಾದಷ್ಟೇ ಬಿಚ್ಚುವುದು, ಇದಕ್ಕೆ ಖರ್ಚಿಲ್ಲ.

ಹೆಡ್ಡಿಂಗಿನ ಬಗ್ಗೆ ಒಂದು ಮೂಢನಂಬಿಕೆಯಿದೆ, ವಾಸ್ತುವಿಗೆ ಕಡಿಮೆಯಿಲ್ಲದ್ದು. ಓದುಗನ ಕಣ್ಣು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಎಡ ಮೂಲೆಯಿಂದ ಹೊರಟು ಬಲ ಮೂಲೆಗೆ, ಅಲ್ಲಿಂದ ಓರೆಯಾಗಿ ಕೆಳಕ್ಕೆ ಹೋಗುತ್ತದಂತೆ. ಅಮೆರಿಕದ ವಿನ್ಯಾಸಕಾರ ಎಡ್ಮಂಡ್ ಆರ್ನಾಲ್ಡ್ ಹರಡಿದ ಇಂಥದೇ ಒಂದು ನಕ್ಷೆಯನ್ನು ಈಗಲೂ ಪಾಠ ಹೇಳುವವರಿದ್ದಾರೆ. ಫ್ಲಾರಿಡಾದ ಪಾಯಿಂಟರ್ ಸಂಸ್ಥೆಯಿಂದ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓದುಗರ ಕಣ್ಣಿನ ಚಲನೆಯನ್ನೇ ದಾಖಲಿಸಿದಾಗ ಕಂಡದ್ದು ಬೇರೆ: ಕಣ್ಣು ಪುಟದ ಅತಿ ದೊಡ್ಡ ಚಿತ್ರದ ಮೂಲಕ ಒಳಹೊಕ್ಕು, ಎದ್ದು ಕಾಣುವ ತಲೆಬರಹಕ್ಕೆ ಹೋಗುತ್ತದೆ. ಮೂಲೆಗೆ ಮಹಿಮೆಯಿಲ್ಲ, ಗಾತ್ರಕ್ಕಿದೆ. ಪುಟಕ್ಕೊಂದೇ ದೊಡ್ಡ ಚಿತ್ರ, ಉಳಿದವು ಅದರ ಅರ್ಧಕ್ಕಿಂತ ಚಿಕ್ಕವು.

ಗಾತ್ರದ ವ್ಯತ್ಯಾಸವನ್ನು ನಮ್ಮ ಇಂದ್ರಿಯಗಳು ಅಳೆಯುವುದು ಕೂಡಿಸಿಯಲ್ಲ, ಗುಣಿಸಿ. 19ನೇ ಶತಮಾನದ ಜರ್ಮನ್ ಶರೀರವಿಜ್ಞಾನಿ ವೆಬರ್ ಇದನ್ನು ತೂಕದ ಬಟ್ಟುಗಳಲ್ಲಿ ಕಂಡರು. ಒಂದು ಹಿಡಿ ಮಲ್ಲಿಗೆಗೆ ಇನ್ನೊಂದು ಹಿಡಿ ಸೇರಿಸಿದರೆ ಕೈಗೆ ತಿಳಿಯುತ್ತದೆ, ಒಂದು ಗೋಣಿಗೆ ಸೇರಿಸಿದರೆ ತಿಳಿಯುವುದಿಲ್ಲ. ಹಾಗೆಯೇ 40 ಪಾಯಿಂಟಿನ ಪಕ್ಕ 36 ಇಟ್ಟರೆ ಎರಡೂ ಒಂದೇ. ಪ್ರತಿ ಮೆಟ್ಟಿಲಿಗೂ 1.4ರಿಂದ ಗುಣಿಸಿ: 10.5ರ ಸುದ್ದಿಗೆ 15ರ ಸಿಂಗಲ್ ಕಾಲಂ, 21ರ ಡಬಲ್ ಕಾಲಂ, 29, 40, ಮುಖಪುಟದ ಲೀಡ್‌ಗೆ (ಮುಖ್ಯ ಸುದ್ದಿಗೆ) 56. ಎಲ್ಲವನ್ನೂ ದಪ್ಪಕ್ಷರ ಮಾಡಿ ಕೆಂಪು ಬಳಿದರೆ ಯಾವುದೂ ದಪ್ಪವಲ್ಲ.

ಎರಡು ಹೆಡ್ಡಿಂಗುಗಳನ್ನು ಒಂದೇ ಮಟ್ಟದಲ್ಲಿ, ಒಂದೇ ಗಾತ್ರದಲ್ಲಿ ಪಕ್ಕಪಕ್ಕ ಇಡಬಾರದು. ಎಡಗಡೆ ‘ಶಾಸಕರಿಂದ ನೂತನ ಸೇತುವೆ ಉದ್ಘಾಟನೆ’, ಬಲಗಡೆ ಎಲ್ಲಿಯದೋ ಶಾಲೆಯ ‘ಮೂರೇ ದಿನದಲ್ಲಿ ಕುಸಿದ ಆವರಣಗೋಡೆ’. ವರ್ತೈಮರ್ ನಿಯಮ ರಾಜಕೀಯ ನೋಡುವುದಿಲ್ಲ. ಓದುಗ ಎರಡನ್ನೂ ಜೋಡಿಸಿ ಓದಿ ನಗುತ್ತಾನೆ, ಶಾಸಕರ ಕಡೆಯವರು ಫೋನು ಮಾಡುತ್ತಾರೆ. ನಡುವೆ ಚಿತ್ರ ಹಾಕಿ, ಇಲ್ಲವೇ ಒಂದನ್ನು ನಾಲ್ಕು ಸಾಲು ಕೆಳಗಿಳಿಸಿ. ಜಾಹೀರಾತುಗಳು ಪುಟದ ಬುಡದಿಂದ ಮೇಲಕ್ಕೆ ಬರಲಿ. ಶ್ರದ್ಧಾಂಜಲಿಯ ಪಕ್ಕ ಮದುವೆ ಹಾಲಿನ ಜಾಹೀರಾತು ಬೀಳದಂತೆ ನೋಡಿಕೊಳ್ಳುವುದು ವಿಜ್ಞಾನವಲ್ಲ, ಮರ್ಯಾದೆ.

ಚಿತ್ರದ ವಿಷಯದಲ್ಲಿ ಚುಕ್ಕೆ ಎಣಿಸಿದರೆ ಜಗಳವೇ ಇಲ್ಲ. ನ್ಯೂಸ್‌ಪ್ರಿಂಟಿಗೆ ಇಂಚಿಗೆ ನೂರು ಸಾಲಿನ ಸ್ಕ್ರೀನ್ (ಚಿತ್ರವನ್ನು ಮೂಡಿಸುವ ಚುಕ್ಕೆಗಳ ಜಾಲ) ಎಂದರೆ ಚುಕ್ಕೆಗೆ ಚುಕ್ಕೆ ಕಾಲು ಮಿಲಿಮೀಟರ್. ವೇದಿಕೆಯಲ್ಲಿ ಸಾಲಾಗಿ ನಿಂತ ಹದಿನೈದು ಗಣ್ಯರನ್ನು ಸಿಂಗಲ್ ಕಾಲಂಗೆ ತುರುಕಿದರೆ ತಲಾ 3.4 ಮಿ.ಮೀ., ಅದರಲ್ಲಿ ಮುಖ ಅರ್ಧ: ಅಡ್ಡಕ್ಕೆ ಆರೇಳು ಚುಕ್ಕೆ. ಆರೇಳು ಚುಕ್ಕೆಯಲ್ಲಿ ಯಾವ ಅಧ್ಯಕ್ಷರ ಮೂಗೂ ಮೂಡುವುದಿಲ್ಲ. ಮೂರು ಕಾಲಂ, ಅಂದರೆ 162 ಮಿ.ಮೀ. ಕೊಡಿ, ಇಲ್ಲವೇ ದೀಪ ಬೆಳಗುತ್ತಿರುವ ಮೂವರನ್ನು ಮಾತ್ರ ಕತ್ತರಿಸಿಕೊಳ್ಳಿ. ಅಚ್ಚಿಗೆ ಇಂಚಿಗೆ 200 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಬಂದ 600 ಪಿಕ್ಸೆಲ್ ಅಗಲದ ಸ್ಕ್ರೀನ್‌ಶಾಟ್ 76 ಮಿ.ಮೀ.ಗಿಂತ ಹಿಗ್ಗದು. ಮಸಿ ಹರಡುವುದರಿಂದ ಶೇ. 50ರ ಬೂದು ಅಚ್ಚಿನಲ್ಲಿ ಶೇ. 75ರ ಆಸುಪಾಸಿಗೆ ಏರುತ್ತದೆ, ಆದ್ದರಿಂದ ಪರದೆಯ ಮೇಲೆ ಚಿತ್ರ ಸ್ವಲ್ಪ ಬಿಳಿಚಿಕೊಂಡಂತೆ ಕಂಡರೆ ಅದೇ ಸರಿ.

ಎಂಟು ಪುಟದ ಪತ್ರಿಕೆಯಲ್ಲಿ 1 ಮತ್ತು 8 ಹಾಳೆಯ ಒಂದೇ ಮಗ್ಗುಲಲ್ಲಿ ಬೀಳುತ್ತವೆ, ಅದರ ಬೆನ್ನಿಗೆ 2 ಮತ್ತು 7. ಇನ್ನೊಂದು ಹಾಳೆಯಲ್ಲಿ 3 ಮತ್ತು 6, 4 ಮತ್ತು 5. ಬಣ್ಣ ಬೇಕಿದ್ದರೆ 1 ಮತ್ತು 8ಕ್ಕೆ ಕೊಡಿ: ಆ ಮಗ್ಗುಲಿಗೆ ನಾಲ್ಕು ಪ್ಲೇಟು, ಉಳಿದ ಮೂರಕ್ಕೆ ಒಂದೊಂದು, ಒಟ್ಟು ಏಳು. 1 ಮತ್ತು 5ಕ್ಕೆ ಬಣ್ಣ ಕೇಳಿದರೆ ಹತ್ತು ಪ್ಲೇಟಿನ ಬಿಲ್ ಬರುತ್ತದೆ.

ಲೇಖನ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬಂದಿದ್ದರೆ ಯುನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಬೇಕು, ಎಡವುವುದು ಹೆಚ್ಚಾಗಿ ಅಲ್ಲೇ. ಕೀಲಿಮಣೆಯ ವಿನ್ಯಾಸವನ್ನು ಕಿನ್ನಿಕಂಬಳದ ಕೆ. ಪಿ. ರಾವ್ ಎಂದೋ ಸರಳ ಮಾಡಿಕೊಟ್ಟರು, ಫಾಂಟುಗಳ ಕಗ್ಗಂಟು ಮಾತ್ರ ಉಳಿಯಿತು. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡದಿದ್ದರೆ ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ಚೆಲ್ಲಾಡುತ್ತವೆ.

ಪ್ಲೇಟಿಗೆ ಕೊಡುವ ಮೊದಲು ಪುಟಗಳನ್ನು ಸಾದಾ ಎ3 ಹಾಳೆಯಲ್ಲಿ ಮುದ್ರಿಸಿ, ಗೋಡೆಗೆ ತಲೆಕೆಳಗಾಗಿ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿ. ಅಕ್ಷರ ಓದಲಾಗದಿದ್ದಾಗ ಪುಟದ ಭಾರ ಎತ್ತ ವಾಲಿದೆ, ಬಿಳಿಯ ಹಳ್ಳ ಎಲ್ಲಿ ಬಿದ್ದಿದೆ ಎಂಬುದಷ್ಟೇ ಕಾಣುತ್ತದೆ. ಆಮೇಲೆ ನೇರ ಮಾಡಿ, ಸಂಪಾದಕರು, ಮುದ್ರಕರು, ಪ್ರಕಾಶಕರ ಹೆಸರಿನ ಸಾಲು ಇದೆಯೇ ನೋಡಿ, ಅದು ಕಾನೂನು. ಕೊನೆಗೆ ಪ್ರತಿ ಪುಟದ ನೆತ್ತಿಯ ದಿನಾಂಕ. ಮುಖಪುಟದ್ದು ಎಲ್ಲರೂ ಬದಲಿಸಿರುತ್ತಾರೆ, ಆರನೇ ಪುಟದಲ್ಲಿ ಕಳೆದ ಸಂಚಿಕೆಯದೇ ಇರುತ್ತದೆ.