ನೀರು ಬೆರೆಸಿದರೂ ಹಾಲು ಹಾಲೇ

"ಅರ್ಧಕ್ಕರ್ಧ ನೀರು ಬೆರೆಸಿ, ಚೆನ್ನಾಗಿ ಕುದಿಸಿಯೇ ಕೊಡ್ತೀವಿ ಡಾಕ್ಟ್ರೇ, ಆದ್ರೂ ಭೇದಿ ನಿಲ್ತಿಲ್ಲ." ನಾಯಿ, ಬೆಕ್ಕು ಸಾಕಿದವರು ಈ ಮಾತು ಹೇಳದ ವಾರವಿಲ್ಲ. ಮೊದಲು ಹಾಲು ನಿಲ್ಲಿಸಿ ಎಂದರೆ ಪಾಪ, ಮುಖ ಸಪ್ಪಗಾಗುತ್ತದೆ.

ತೊಂದರೆ ಕೊಡುವುದು ಹಾಲಿನ ದಪ್ಪವಲ್ಲ, ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಇದು ಸುಮಾರು 5 ಗ್ರಾಂ ಇರುತ್ತದೆ. ಅದಕ್ಕೆ ಇನ್ನೊಂದು 100 ಮಿ.ಲೀ. ನೀರು ಸುರಿದರೆ ಬಟ್ಟಲು ತುಂಬುತ್ತದೆ, ಸಕ್ಕರೆ ಮಾತ್ರ ಅಷ್ಟೇ. ಬೆಕ್ಕು ಬಟ್ಟಲು ನೆಕ್ಕಿ ಮುಗಿಸಿತೆಂದರೆ ಆ ಐದೂ ಗ್ರಾಂ ಹೊಟ್ಟೆಗೆ ಹೋಯಿತು. ಕುದಿಸಿದರೆ ಸಾಯುವುದು ರೋಗಾಣು, ಲ್ಯಾಕ್ಟೋಸ್ ಹಾಗೇ ಉಳಿಯುತ್ತದೆ. ಕೆನೆ ತೆಗೆದರೆ ಹೋಗುವುದು ಕೊಬ್ಬು. ಮೊಸರಿನಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಈ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಮರಿಗಳ ಕರುಳಿನಲ್ಲಿ ಧಾರಾಳವಾಗಿರುತ್ತದೆ. ತಾಯಿಹಾಲು ಬಿಟ್ಟ ಮೇಲೆ ಇಳಿಯುತ್ತಾ ಹೋಗುತ್ತದೆ. ಆಗ ಒಡೆಯದ ಸಕ್ಕರೆ ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ. ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆ ಗುಡುಗುಡು ಎನ್ನುತ್ತದೆ, ಉಬ್ಬರಿಸುತ್ತದೆ, ನೀರು ನೀರಾಗಿ ಭೇದಿಯಾಗುತ್ತದೆ. ಆಸೆಪಟ್ಟು ಕುಡಿಯಿತು ಎಂದ ಮಾತ್ರಕ್ಕೆ ಅರಗುತ್ತದೆ ಎಂದಲ್ಲ. ಬೆಕ್ಕಿಗೆ ಸಿಹಿ ರುಚಿ ಗೊತ್ತೇ ಆಗುವುದಿಲ್ಲ. ಅದನ್ನು ಸೆಳೆಯುವುದು ಮುಖ್ಯವಾಗಿ ಹಾಲಿನ ಕೊಬ್ಬು.

ಎಲ್ಲ ಪ್ರಾಣಿಗಳಿಗೂ ಒಂದೇ ಮಾತು ಹೇಳಲಾರೆ. ಕೆಲವಕ್ಕೆ ಸ್ವಲ್ಪ ಹಾಲು ಒಗ್ಗುತ್ತದೆ. ಕೊಡಲೇಬೇಕೆನಿಸಿದರೆ ಒಂದೆರಡು ಟೀ ಚಮಚ ಕೊಟ್ಟು 24 ಗಂಟೆ ಕಾಯಿರಿ. ಅದೇ ದಿನ ಬೇರೆ ಹೊಸ ತಿನಿಸು ಬೇಡ, ಇಲ್ಲದಿದ್ದರೆ ಕೆಡಿಸಿದ್ದು ಯಾವುದೆಂದು ತಿಳಿಯುವುದಿಲ್ಲ. ಏನೂ ಆಗದಿದ್ದರೂ ಅದು ನಾಲಿಗೆ ಚಪಲಕ್ಕಷ್ಟೇ ಇರಲಿ. 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಬೇಕಾಗುವುದು ಸುಮಾರು 200ರಿಂದ 250 ಕ್ಯಾಲರಿ, 100 ಮಿ.ಲೀ. ಗಟ್ಟಿ ಹಾಲಿನಲ್ಲೇ 60ಕ್ಕೂ ಹೆಚ್ಚು. ಲ್ಯಾಕ್ಟೋಸ್ ತೆಗೆದ ಹಾಲು ಹೊಟ್ಟೆ ಕೆಡಿಸದಿರಬಹುದು, ಆದರೆ ಕೊಬ್ಬು ಅದರಲ್ಲೂ ಇದೆ. ಮೈ ಬಂದ ನಾಯಿಗೆ, ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದ ನಾಯಿಗೆ ಅದೂ ಬೇಡ. ಕುಡಿಯುವ ನೀರಿನ ಬಟ್ಟಲು ಬೇರೆಯಾಗಿ ಸದಾ ತುಂಬಿರಲಿ.

ತಾಯಿಯಿಲ್ಲದ ಮರಿಗೆ ನೀರು ಬೆರೆಸಿದ ಹಾಲು ಕೊಡುವುದಂತೂ ನಿಜಕ್ಕೂ ಅಪಾಯ. ನಾಯಿಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು. ತೆಳುವಾದದ್ದನ್ನು ಇನ್ನೂ ತೆಳು ಮಾಡಿದರೆ ಮರಿಯ ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ಏರುವುದಿಲ್ಲ. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ ಕೊಡಿ.

ಭೇದಿ ಶುರುವಾಗಿದ್ದರೆ ಹಾಲು ನಿಲ್ಲಿಸಿ, ತುಟಿ ಎತ್ತಿ ಒಸಡಿನ ಮೇಲೆ ಬೆರಳಿಡಿ. ಒದ್ದೆಯಾಗಿ ಜಾರಬೇಕು. ಬೆರಳಿಗೆ ಅಂಟಿದಂತಾದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು. ಹಾಗಿದ್ದರೆ, ವಾಂತಿ ಅಥವಾ ರಕ್ತ ಕಂಡರೆ, ಮರಿಯಾಗಿದ್ದರೆ ಕಾಯಬೇಡಿ. ಉಳಿದಂತೆ ಒಂದು ದಿನದಲ್ಲಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಕರೆತನ್ನಿ. ಮನೆಯಲ್ಲಿ ಬೇರೆ ಯಾರಾದರೂ ಹಾಲು ಹಾಕಿದ್ದರೇ, ಎಷ್ಟು ಹಾಕಿದ್ದರು ಎಂದು ಕೇಳಿಕೊಂಡೇ ಬನ್ನಿ.